ಕ್ರುಸೇಡ್ ವಿಡಿಯೊಗಳ ಹಿಂದೆ ಬಿದ್ದ ಗೆಳೆಯನ ಹತ್ತಿರ ಹೇಗೆ ಮಾತಾಡಲಿ?

ಪ್ರಶ್ನೆ (ಮಂಜೇಶ್ವರ): ಮೇಡಂ, ನನ್ನ ಗೆಳೆಯ ಕೆಥೊಲಿಕ್, 23 ವರ್ಷ. ಬಿಕಾಂ ಮುಗಿಸಿ ಗಲ್ಫ್ ವೀಸಾ ಕಾಯುತ್ತಿದ್ದಾನೆ. ಏಳೆಂಟು ತಿಂಗಳಿಂದ ರಾತ್ರಿಯಿಡೀ ಇಂಗ್ಲಿಷ್ ವಿಡಿಯೊ, ಟೆಲಿಗ್ರಾಂ. ಸ್ಟೇಟಸ್‌ನಲ್ಲಿ ಕತ್ತಿ ಹಿಡಿದ ಕ್ರುಸೇಡ್ (ಮಧ್ಯಯುಗದ ಕ್ರೈಸ್ತ ಧರ್ಮಯುದ್ಧ) ಸೈನಿಕರು. ಲೋಕವನ್ನು ಯಹೂದಿಗಳು ಗುಟ್ಟಾಗಿ ಆಳುತ್ತಾರಂತೆ, ಮುಸ್ಲಿಮರ ಜೊತೆ ಬದುಕಲಿಕ್ಕೇ ಆಗದಂತೆ, ಹೆಂಗಸರಿಗೆ ಓಟು ಕೊಟ್ಟದ್ದೇ ತಪ್ಪಂತೆ. ಗ್ರೂಪಿನಲ್ಲಿ ಫ್ಯಾಕ್ಟ್‌ಚೆಕ್ ಲಿಂಕ್ ಹಾಕಿದೆ, ದೊಡ್ಡ ಜಗಳವಾಯಿತು. ನಾನು ಹಿಂದೂ. ‘ನಮ್ಮ ಧರ್ಮ ನಿನಗೇನು ಗೊತ್ತು’ ಅನ್ನುತ್ತಾನೆ.

ಉತ್ತರ (ಆಪ್ತಸಮಾಲೋಚಕಿ): ಹತ್ತು ಜನರ ಎದುರು ಲಿಂಕ್ ಹಾಕಿದರೆ ಅವನು ಓದುವುದಿಲ್ಲ, ಮಾನ ಉಳಿಸಿಕೊಳ್ಳುತ್ತಾನೆ. ಅದನ್ನು ನಿಲ್ಲಿಸಿ. ಒಬ್ಬರೇ ಸಿಗಿ, ಬೈಕಿನಲ್ಲಿ ಹೋಗುವಾಗ, ಆಟ ಮುಗಿದ ಮೇಲೆ. ಮೊದಲ ಎರಡು ಸಲ ಈ ವಿಷಯವನ್ನೇ ಎತ್ತಬೇಡಿ. ಮೂರನೆಯ ಸಲ, ‘ಇದರಲ್ಲಿ ನಿನಗೆ ಹಿಡಿಸಿದ್ದು ಯಾವುದು?’ ಎಂದು ಕೇಳಿ ಸುಮ್ಮನಿರಿ. ಅವನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವನಿಗೇ ತಿರುಗಿ ಹೇಳಿ, ‘ಸರಿಯಾ?’ ಎಂದು ಕೇಳಿ. ಹೆಚ್ಚಾಗಿ ಅಡಿಯಲ್ಲಿರುವುದು ಕೆಲಸವಿಲ್ಲದ ಅವಮಾನ, ಒಂಟಿತನ. ಆ ವಿಡಿಯೊಗಳು ‘ನೀನು ಯೋಧ’ ಎನ್ನುತ್ತವೆ. ಮನೆಯಲ್ಲಿ ಕೇಳುವುದು ‘ವೀಸಾ ಬಂತಾ?’ ಎಂದು ಮಾತ್ರ.

ಆಮೇಲೆ ಒಂದೇ ಒಂದು ಮಾತನ್ನು ಹಿಡಿಯಿರಿ, ಇಪ್ಪತ್ತನ್ನಲ್ಲ. ‘ಯಹೂದಿಗಳು ಆಳುತ್ತಾರೆ ಅನ್ನುವುದು ಮೊದಲು ಎಲ್ಲಿಂದ ಬಂತು?’ ಎಂದು ಇಬ್ಬರೂ ಸೇರಿ ಹುಡುಕಿ. ಈ ಮಾತಿಗೆ ಆಧಾರವಾಗಿ ತೋರಿಸುವ ‘ಝಿಯೋನ್ ಹಿರಿಯರ ನಡಾವಳಿ’, ಯಹೂದಿ ನಾಯಕರ ಗುಪ್ತ ಸಭೆಯ ವರದಿ ಎಂದು ಹೇಳಿಕೊಳ್ಳುವ ಬರಹ, 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು. ಅದರ ದೊಡ್ಡ ಭಾಗ ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್‌ನನ್ನು ಟೀಕಿಸಿದ 1864ರ ಫ್ರೆಂಚ್ ಪುಸ್ತಕದಿಂದ ಕದ್ದದ್ದು ಎಂದು 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಸಾಲುಸಾಲು ಹೋಲಿಸಿ ತೋರಿಸಿತು. ಆ ಫ್ರೆಂಚ್ ಪುಸ್ತಕದಲ್ಲಿ ಯಹೂದಿ ಸಂಚಿನ ಮಾತೇ ಇಲ್ಲ.

ಮೀಮ್ ತೋರಿಸಿ ‘ತಮಾಷೆಗೆ’ ಅಂದರೆ ನಗಬೇಡಿ, ಬೈಯಲೂ ಬೇಡಿ. ‘ಅರ್ಥ ಆಗಲಿಲ್ಲ, ಬಿಡಿಸಿ ಹೇಳು’ ಅನ್ನಿ. ದ್ವೇಷವನ್ನು ಬಾಯಿಬಿಟ್ಟು ವಿವರಿಸುವಾಗ ತಮಾಷೆ ಉಳಿಯುವುದಿಲ್ಲ.

ಫೋನಿನ ಕೆಲಸ ಅವನು ಒಪ್ಪಿದ ಮೇಲೆ, ಅವನ ಕೈಯಿಂದಲೇ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ, ಆಟೋಪ್ಲೇ ಆಫ್ ಮಾಡಲಿ. ಅಂಥ ವಿಡಿಯೊದ ಮೂರು ಚುಕ್ಕಿ ಒತ್ತಿ ಆ ಚಾನೆಲ್ ಶಿಫಾರಸು ಬೇಡ ಎಂದು ಕೊಡಲಿ. ಹಿಸ್ಟರಿ ಅಳಿಸದೆ ಇದೊಂದನ್ನೇ ಮಾಡಿದರೆ ಅದೇ ಬಗೆಯ ಬೇರೆ ಚಾನೆಲ್ ಬಂದು ಕೂರುತ್ತದೆ. ಟೆಲಿಗ್ರಾಂ ಪ್ರೈವೆಸಿಯಲ್ಲಿ, ಗ್ರೂಪಿಗೆ ಸೇರಿಸುವ ಅಧಿಕಾರ ಕಾಂಟ್ಯಾಕ್ಟ್‌ನಲ್ಲಿರುವವರಿಗೆ ಮಾತ್ರ ಇರಲಿ. ರಾತ್ರಿ ಹನ್ನೊಂದರ ಮೇಲೆ ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗೆ. ನಿದ್ದೆಗೆಟ್ಟ ತಲೆಗೆ ಯಾವ ವಾದವೂ ಹೋಗದು.

ಪ್ರಶ್ನೆ (ಅವರೇ): ಧರ್ಮದ ಮಾತು ಬಂದಾಗ?

ಉತ್ತರ (ದೊತೊರ್ನ್ ಅಂದರೆ ಕ್ರೈಸ್ತ ಧರ್ಮಪಾಠದ ಟೀಚರ್, ಬೇಳ): ನೀವು ಬೈಬಲ್ ಬೋಧಿಸಲು ಹೋಗಬೇಡಿ, ಕೇಳಿ. ‘ಇದಕ್ಕೆ ನಿಮ್ಮ ಸಭೆ (ಚರ್ಚ್) ಏನು ಹೇಳುತ್ತದೆ?’ 1965ರ ಅಕ್ಟೋಬರ್ 28ರ ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿ ಕೆಥೊಲಿಕ್ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ, ಯೇಸುವಿನ ಮರಣದ ಹೊಣೆಯನ್ನು ಎಲ್ಲ ಯಹೂದಿಗಳ ತಲೆಗೆ ಕಟ್ಟಬಾರದು ಎಂದಿದೆ, ಮುಸ್ಲಿಮರನ್ನು ಗೌರವದಿಂದ ಕಾಣುತ್ತೇವೆ ಎಂದೂ ಹೇಳಿದೆ. ಈ ಚಾನೆಲ್‌ಗಳಲ್ಲಿ ಕೆಲವರು ಆ ಮಹಾಸಭೆಯನ್ನೇ ಒಪ್ಪುವುದಿಲ್ಲ. ಆಗ ಹಿಂದಕ್ಕೆ ಹೋಗಿ: ರೋಮಾಪುರದವರಿಗೆ ಬರೆದ ಪತ್ರ 11:18ರಲ್ಲಿ, ಆ ಕೊಂಬೆಗಳ (ಯಹೂದಿಗಳ) ಎದುರು ಹೆಮ್ಮೆಪಡಬೇಡ ಎಂದು ಯೇಸುವಿನ ಪ್ರೇಷಿತ ಪೌಲನೇ ಎಚ್ಚರಿಸುತ್ತಾನೆ. ಹನ್ನೊಂದನೇ ಪಿಯುಸ್ ಪೋಪರು 1937ರಲ್ಲಿ ಜನಾಂಗವನ್ನು ದೇವರ ಜಾಗದಲ್ಲಿ ಕೂರಿಸುವುದನ್ನು ಖಂಡಿಸಿ ಜರ್ಮನ್ ಭಾಷೆಯಲ್ಲೇ ಪತ್ರ ಬರೆದರು. ಅದನ್ನು ಗರಿಗಳ ಭಾನುವಾರ (ಈಸ್ಟರಿನ ಹಿಂದಿನ ಭಾನುವಾರ) ಹಿಟ್ಲರನ ಜರ್ಮನಿಯ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಓದಿದರು.

ಕ್ರುಸೇಡ್ ಅಂದರೆ 1204 ನೆನಪಿಸಿ. ಆ ವರ್ಷ ಕ್ರುಸೇಡ್ ಸೈನಿಕರು ಲೂಟಿ ಮಾಡಿದ್ದು ಕ್ರೈಸ್ತರದೇ ನಗರ ಕಾನ್‌ಸ್ಟಾಂಟಿನೋಪಲನ್ನು. ಹೆಂಗಸರ ವಿಷಯದಲ್ಲಿ, ಹೆಂಡತಿ ಗಂಡನಿಗೆ ವಿಧೇಯಳಾಗಿರಲಿ ಎನ್ನುವ ಬೈಬಲಿನ ಎಫೆಸ 5:22 ಹೇಳಿದರೆ, 21 ಮತ್ತು 25ನ್ನೂ ಓದು ಅನ್ನಿ: ಒಬ್ಬರಿಗೊಬ್ಬರು ವಿಧೇಯರಾಗಿರಿ, ಗಂಡ ಹೆಂಡತಿಗಾಗಿ ತನ್ನನ್ನೇ ಒಪ್ಪಿಸಿಕೊಳ್ಳಲಿ.

ಒಂದು ಎಚ್ಚರ. ಹಳೆಯ ಲತೀನ್ ಪೂಜೆ ಇಷ್ಟ, ತೇರ್ಸ್ (ಜಪಮಾಲೆ ಪ್ರಾರ್ಥನೆ) ಮಾಡುತ್ತಾನೆ, ಉಪವಾಸ ಹಿಡಿಯುತ್ತಾನೆ ಎಂದರೆ ಅದು ಭಕ್ತಿ, ಉಗ್ರವಾದವಲ್ಲ. ಅದನ್ನು ಗೇಲಿ ಮಾಡಿದಿರೋ, ಅವನು ಪೂರ್ತಿ ಕೈತಪ್ಪುತ್ತಾನೆ. ಬೇಕಾದರೆ ವಿಗಾರರನ್ನು (ಇಗರ್ಜಿಯ ಪಾದ್ರಿಯನ್ನು) ಖಾಸಗಿಯಾಗಿ ಕಾಣಿ, ಪೂಜೆಯ ಪ್ರಸಂಗದಲ್ಲಿ ಪ್ರಸ್ತಾಪಿಸಬೇಡಿ ಎಂದು ಕೇಳಿಕೊಳ್ಳಿ. ವಾಡೆಯ (ಇಗರ್ಜಿಯ ವಾರ್ಡಿನ) ಮುಖಂಡ ಗುರ್ಕಾರರಿಗೆ ಹೇಳಿದರೆ ವಾಡೆಗೆಲ್ಲ ಸುದ್ದಿ.

ಪ್ರಶ್ನೆ (ಅವರೇ): ಯಾವಾಗ ಬೇರೆಯವರಿಗೆ ಹೇಳಬೇಕು?

ಉತ್ತರ (ಆಪ್ತಸಮಾಲೋಚಕಿ): ಇಂಥ ಜಾಗ, ಇಂಥ ವ್ಯಕ್ತಿ, ಇಂಥ ದಿನ ಎಂದು ಮಾತು ನಿಖರವಾದರೆ, ಆಯುಧ ಹುಡುಕಿದರೆ, ಕೊಲೆಗಾರರನ್ನು ಹೊಗಳುತ್ತಾ ತಾನೇ ಬೀಳ್ಕೊಳ್ಳುವ ಹಾಗೆ ಮಾತಾಡಿದರೆ ಗುಟ್ಟು ಕಾಯಬೇಡಿ, ಅದೇ ದಿನ 112ಕ್ಕೆ (ತುರ್ತು ಕರೆ) ಫೋನ್ ಮಾಡಿ. ಸಾಯುವ ಮಾತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ. ಧರ್ಮಗಳ ನಡುವೆ ದ್ವೇಷ ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂನಲ್ಲಿ 3 ವರ್ಷದವರೆಗೆ ಜೈಲು ಇದೆ. ಗಲ್ಫಿನಲ್ಲಿ ಇಂಥ ಪೋಸ್ಟಿಗೆ ಜೈಲೂ ಗಡೀಪಾರೂ ಆಗಬಹುದು. ಈ ಕಾನೂನಿನ ಮಾತನ್ನು ಅವನಿಗೆ ಒಂದೇ ಸಲ ಹೇಳಿ. ಮತ್ತೆ ಮತ್ತೆ ಹೇಳಿದರೆ ಬೆದರಿಕೆಯಾಗುತ್ತದೆ.

ಅಲ್ಲಿಯವರೆಗೆ ಗೆಳೆತನ ಬಿಡಬೇಡಿ, ಸಹಿಸಿಕೊಂಡು ಕೂರಲೂ ಬೇಡಿ. ‘ಆ ಮಾತು ನನ್ನೆದುರು ಬೇಡ ಮಾರಾಯ. ಸಂಜೆ ಐದಕ್ಕೆ ಗ್ರೌಂಡಿಗೆ ಬಾ, ಕಾಯುತ್ತೇನೆ’ ಅನ್ನಿ. ಸ್ಟೇಟಸ್ ಅಳಿಸಿದ ದಿನ ಅದರ ಸುದ್ದಿ ಎತ್ತಬೇಡಿ.