ಊರಿನ ಫೋಟೋಗ್ರಫಿ ಕ್ಲಬ್ ಸೇರೋಣ ಅಂತಿದೀನಿ, ಇರೋದು ಕಿಟ್ ಲೆನ್ಸ್ ಒಂದೇ

ಶಿವಮೊಗ್ಗದ ಟೀಚರ್
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಲ್ಲಿ ಗಣಿತ ಮಾಡ್ತೀನಿ. ತಮ್ಮ ವಿದೇಶಕ್ಕೆ ಹೋಗುವಾಗ ತನ್ನ ನಿಕಾನ್ ಡಿ3500 ಕ್ಯಾಮೆರಾ, ಅದರ ಜೊತೆಗೇ ಬರೋ 18-55 ಕಿಟ್ ಲೆನ್ಸ್ ನನ್ನ ಹತ್ರ ಬಿಟ್ಟು ಹೋದ. ಹೋದ ತಿಂಗಳು ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನದ ಫೋಟೋ ತೆಗೆದೆ. ಕಣ್ಣಿಗೆ ಕಪ್ಪಗೆ ಮಿಂಚುತ್ತಿದ್ದ ಆನೆ, ಫೋಟೋದಲ್ಲಿ ಬೂದಿ ಬಣ್ಣಕ್ಕೆ ಬಿಳಚಿಕೊಂಡಿದೆ. ಸ್ಟೇಟಸ್‌ಗೆ ಹಾಕಿದ್ರೆ ಎಲ್ಲರೂ 'ಸೂಪರ್ ಮಿಸ್'. ಏನು ಸರಿ ಇಲ್ಲ ಅಂತ ಹೇಳೋರು ಒಬ್ಬರೂ ಇಲ್ಲ.

ಊರಲ್ಲಿ ಒಂದು ಕ್ಲಬ್ ಇದೆ. ಭಾನುವಾರ ಸೇರ್ತಾರೆ, ಮಳೆಗಾಲದಲ್ಲಿ ಹಕ್ಕಿ ತೆಗೆಯೋಕೆ ಮಂಡಗದ್ದೆಗೆ ಹೋಗ್ತಾರೆ. ಅವರ ಗ್ರೂಪ್ ಫೋಟೋ ನೋಡಿದ್ರೆ ಎಲ್ಲರ ಕೈಲೂ ಮೊಳದುದ್ದದ ಲೆನ್ಸು, ಹೆಂಗಸರು ಒಬ್ಬರೋ ಇಬ್ಬರೋ. ನನ್ನಂಥವರಿಗೆ ಅಲ್ಲೇನು ಕೆಲಸ ಅನ್ನಿಸ್ತಿದೆ. ಸೇರಿದವರು ಹೇಳಿ.

ಇಎಂಐ ಕಟ್ಟುತ್ತಿರುವವ
ಬೇಡ ಮೇಡಂ. ಇವತ್ತು ಕ್ಲಬ್ಬು, ದೀಪಾವಳಿಗೆ 200-500ರ ದೊಡ್ಡ ಲೆನ್ಸು, ಆಮೇಲೆ ಮನೇಲಿ ಮಾತುಕತೆ ಬಂದ್.

ಸಾಗರದ ಹಳೇ ರೀಲು
ಮೇಲಿನವರ ಮಾತು ಅರ್ಧ ತಮಾಷೆ, ಅರ್ಧ ನಿಜ. ಆದರೂ ಸೇರಿ ಮೇಡಂ. ಸೇರೋ ಮುಂಚೆ ಒಂದು ಮೀಟಿಂಗಿಗೆ ಸುಮ್ಮನೆ ಹೋಗಿ ಹಿಂದೆ ಕೂತ್ಕೊಳ್ಳಿ. ಸದಸ್ಯರ ಚಿತ್ರ ಪರದೆ ಮೇಲೆ ಬಂದಾಗ ಏನು ಮಾತಾಡ್ತಾರೆ ಕೇಳಿ. 'ಎಡಗಡೆ ಮೂಲೇಲಿ ಬೆಳಕು ಹೊಡೀತಿದೆ, ಕಣ್ಣು ಅಲ್ಲಿಗೇ ಹೋಗುತ್ತೆ, ಕ್ರಾಪ್ ಮಾಡಿ' ಅನ್ನೋರಿದ್ದರೆ ಅವತ್ತೇ ಚಂದಾ ಕಟ್ಟಿ. ಇಡೀ ಹೊತ್ತು ಯಾವ ಲೆನ್ಸ್, ಎಷ್ಟಕ್ಕೆ ತಗೊಂಡ್ರಿ ಅಂತಲೇ ನಡೆದರೆ ಕಾಫಿ ಕುಡಿದು ಎದ್ದು ಬನ್ನಿ.

ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಯೂತ್ ಫೋಟೋಗ್ರಫಿಕ್ ಸೊಸೈಟಿಯ ಕಾರ್ಯಕ್ರಮಗಳಿಗೆ ಹೋಗ್ತಿದ್ದೆ. 1971ರಲ್ಲಿ ಶುರುವಾದ ಸಂಸ್ಥೆ, ವೈಪಿಎಸ್ ಅಂತಲೇ ಎಲ್ಲರಿಗೂ ಗೊತ್ತು. ಅಂಥ ಕಡೆ ಹೆಸರಿನ ಮುಂದೆ ಎಎಫ್‌ಐಎಪಿ, ಇಎಫ್‌ಐಎಪಿ ಅಂತ ಇರೋರು ಸಿಗ್ತಾರೆ. ಸಲಾನ್‌ಗಳಲ್ಲಿ, ಅಂದರೆ ಫೋಟೋ ಸ್ಪರ್ಧೆಗಳಲ್ಲಿ, ಚಿತ್ರ ಆಯ್ಕೆಯಾಗಿ ಆಗಿ ಬರುವ ಅಂತರರಾಷ್ಟ್ರೀಯ ಬಿರುದುಗಳು ಅವು. ಹೆದರಬೇಡಿ. ಬಿರುದು ಇದ್ದೋರೆಲ್ಲ ಚೆನ್ನಾಗಿ ಹೇಳಿಕೊಡ್ತಾರೆ ಅಂತಲೂ ಇಲ್ಲ, ಅದು ಬೇರೆ ಮಾತು.

ಈಗ ನಿಮ್ಮ ಆನೆ. ಫ್ರೇಮಿನ ತುಂಬ ಕಪ್ಪು ತುಂಬಿದಾಗ ಕ್ಯಾಮೆರಾ 'ಕತ್ತಲೆ ಇದೆ' ಅಂದ್ಕೊಂಡು ಬೆಳಕು ಜಾಸ್ತಿ ಮಾಡುತ್ತೆ. ಅದಕ್ಕೇ ಬಿಳಚಿಕೊಂಡಿದ್ದು. ಶಟರ್ ಹತ್ತಿರದ ಪ್ಲಸ್-ಮೈನಸ್ ಗುಂಡಿ ಒತ್ತಿಹಿಡಿದು ಚಕ್ರ ತಿರುಗಿಸಿ ಮೈನಸ್ 0.7ಕ್ಕೆ ತನ್ನಿ, ಸಾಲದಿದ್ದರೆ ಮೈನಸ್ 1. ಮೇಲಿನ ಮೋಡ್ ಡಯಲ್ ಹಸಿರು ಆಟೋದಲ್ಲಿದ್ದರೆ ಇದು ನಡೆಯಲ್ಲ, 'P' ಅಥವಾ 'A' ಅಕ್ಷರಕ್ಕೆ ಇಡಿ. ಹಿಂದೆ ನೀರು ಫಳಫಳ ಹೊಳೀತಿದ್ದರೆ ಲೆಕ್ಕ ಉಲ್ಟಾ, ಆಗ ಪ್ಲಸ್. ಗಣಿತದವರು ನೀವು, ನಿಮಗೆ ಬೇಗ ಹತ್ತುತ್ತೆ.

ಇನ್ನೊಂದು. ಆ ಚಿತ್ರವನ್ನ ಸ್ಪರ್ಧೆಗೆ ಕಳಿಸೋದಾದರೆ 'ನೇಚರ್' ವಿಭಾಗಕ್ಕೆ ಹಾಕಬೇಡಿ. ಎಫ್‌ಐಎಪಿ (ಅಂತರರಾಷ್ಟ್ರೀಯ ಒಕ್ಕೂಟ), ಪಿಎಸ್‌ಎ (ಅಮೆರಿಕದ್ದು), ಆರ್‌ಪಿಎಸ್ (ಬ್ರಿಟನ್ನಿನದು) ಈ ಮೂರು ಫೋಟೋಗ್ರಫಿ ಸಂಸ್ಥೆಗಳೂ ಸೇರಿ 2014ರಲ್ಲಿ ಒಪ್ಪಿಕೊಂಡ ನಿಯಮವೇ ಇದೆ. ಬಿಡಾರದ ಆನೆ, ಮೇಲೆ ಮಾವುತ, ಕಾಲಲ್ಲಿ ಸರಪಳಿ ಅಂದರೆ ಅಲ್ಲಿ ನಡೆಯಲ್ಲ. ಸರಪಳೀನ ಫೋಟೋಶಾಪಲ್ಲಿ ಅಳಿಸಿ ಕಳಿಸೋರಿದ್ದಾರೆ, ಅದು ಇನ್ನೂ ದೊಡ್ಡ ತಪ್ಪು. ಅಲ್ಲಿ ಚಿತ್ರದಿಂದ ಏನನ್ನೂ ತೆಗೆಯೋ ಹಾಗಿಲ್ಲ, ಸೇರಿಸೋ ಹಾಗಿಲ್ಲ. ಯಾವ ವಿಷಯವಾದರೂ ನಡೆಯೋ 'ಓಪನ್' ವಿಭಾಗಕ್ಕೆ ಹಾಕಿ, ಮಾವುತನ ಸಮೇತ. ನನ್ನ ಕೇಳಿದರೆ ಆನೆಯ ಕಿವಿ ಹಿಂದೆ ಉಜ್ಜೋ ಅವನ ಕೈಯೇ ಆ ಚಿತ್ರದ ಜೀವ. 18-55 ಅದಕ್ಕೆ ಧಾರಾಳ.

ಭದ್ರಾವತಿ ಅಕ್ಕ
ಟೀಚರ್, ನಾನೂ ಮೊದಲು ಹಿಂಜರಿದಿದ್ದೆ. ಹೆಂಗಸರು ಎಷ್ಟು ಜನ ಅನ್ನೋದಕ್ಕಿಂತ, ಬೆಳಗಿನ ಜಾವ ಹೊರಡೋವಾಗ ಗಾಡಿ ಯಾರದು, ಎಷ್ಟೊತ್ತಿಗೆ ವಾಪಸ್, ಟಾಯ್ಲೆಟ್ ಎಲ್ಲಿ ಅಂತ ಮೊದಲೇ ಕೇಳಿ. ಇದಕ್ಕೆ ನೆಟ್ಟಗೆ ಉತ್ತರ ಕೊಡೋ ಕ್ಲಬ್ಬು ಪರವಾಗಿಲ್ಲ.

ಮಂಡಗದ್ದೆ ಬಗ್ಗೆ ಆಸೆ ಇಟ್ಕೋಬೇಡಿ. ಹಕ್ಕಿಗಳಿರೋದು ತುಂಗೆ ನಡುವಿನ ನಡುಗಡ್ಡೆಯ ಮರಗಳಲ್ಲಿ, ನಾವಿರೋದು ದಡದಲ್ಲಿ. ನಿಮ್ಮ ಲೆನ್ಸಿಗೆ ಬೆಳ್ಳಕ್ಕಿ ಬರೀ ಬಿಳಿ ಚುಕ್ಕಿ. ಅವತ್ತು ಹೊಳೆ, ಮಳೆ, ಕೊಡೆ ಹಿಡ್ಕೊಂಡು ಟ್ರೈಪಾಡ್ ಕಾಯ್ತಾ ನಿಂತಿರೋ ಗಂಡಸರು, ಇವನ್ನ ತೆಗೀರಿ. ನಾನು ಮಾಡಿದ್ದು ಅದನ್ನೇ.

ಶಿವಮೊಗ್ಗದ ಟೀಚರ್
ಹಳೇ ರೀಲು ಸರ್, ಮನೆ ಹಿಂದಿನ ಗೌಡರ ಎಮ್ಮೆ ಮೇಲೆ ಮೈನಸ್ 0.7 ಪ್ರಯೋಗ ಮಾಡಿದೆ. ಕಪ್ಪು ಕಪ್ಪಾಗೇ ಬಂತು! ಅಕ್ಕ, ನೀವು ಹೇಳಿದ್ದನ್ನೆಲ್ಲ ಫೋನ್ ಮಾಡಿ ಕೇಳಿದೆ, ಸೆಕ್ರೆಟರಿ ಸಮಾಧಾನದಿಂದಲೇ ಹೇಳಿದರು. ಈ ಭಾನುವಾರ ಬರುವಾಗ ನಾಲ್ಕು ಚಿತ್ರ ತನ್ನಿ ಅಂದಿದಾರೆ. ಪ್ರಿಂಟ್ ಹಾಕಿಸಬೇಕಾ?

ಸಾಗರದ ಹಳೇ ರೀಲು
ದುಡ್ಡು ದಂಡ. ಪೆನ್‌ಡ್ರೈವಲ್ಲಿ ಜೆಪೆಗ್ ಸಾಕು, ಅಗಲ 1920, ಎತ್ತರ 1080 ಪಿಕ್ಸೆಲ್ ದಾಟದ ಹಾಗೆ ಚಿಕ್ಕದು ಮಾಡಿ. ಮೂಲ ಫೈಲ್ ಮನೇಲೇ ಇರಲಿ. ಎಮ್ಮೇನೂ ತಗೊಂಡು ಹೋಗಿ.