ಮೂರನೇ ಸ್ಥಾನಕ್ಕೆ ಬಂದ ರಾನ್ ಪಾಲ್‌ಗೆ ಅಯೋವಾದ 28ರಲ್ಲಿ 22 ವೋಟು ಬಿದ್ದದ್ದು ಹೇಗೆ?

ಕೋಲಾರದ ಹುಡುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದ್ತಾ ಇದ್ದೀನಿ. ಅಮೆರಿಕದ ಪಕ್ಷಗಳು ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ಹೇಗೆ ಆರಿಸ್ತಾವೆ ಅನ್ನೋದು ನನ್ನ ಸೆಮಿನಾರ್ ವಿಷಯ. ಒಂದು ಕಡೆ ತಲೆ ಓಡ್ತಾ ಇಲ್ಲ. 2012ರ ಜನವರಿ 3ರಂದು ಅಯೋವಾ ರಾಜ್ಯದಲ್ಲಿ ನಡೆದ ರಿಪಬ್ಲಿಕನ್ ಕಾಕಸ್‌ನಲ್ಲಿ (ಪಕ್ಷದವರು ಬೂತ್‌ವಾರು ಸಭೆ ಸೇರಿ ವೋಟು ಹಾಕೋದು) ಟಿಕೆಟ್‌ಗೆ ಪೈಪೋಟಿಗಿಳಿದಿದ್ದ ರಾನ್ ಪಾಲ್‌ಗೆ ಬಂದಿದ್ದು ಸುಮಾರು ಶೇ 21 ಮತ, ಮೂರನೇ ಸ್ಥಾನ. ಆಗಸ್ಟ್‌ನಲ್ಲಿ ಟ್ಯಾಂಪಾದಲ್ಲಿ, ಪ್ರತಿನಿಧಿಗಳ ವೋಟಿನಿಂದ ಅಭ್ಯರ್ಥಿಯನ್ನು ಆರಿಸೋ ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ, ಅದೇ ಅಯೋವಾದ 28 ಪ್ರತಿನಿಧಿಗಳಲ್ಲಿ 22 ಮಂದಿ ಅವರಿಗೇ ವೋಟು ಹಾಕಿದ್ದಾರೆ. ಇದರಲ್ಲಿ ಏನಾದ್ರೂ ಮೋಸ ನಡೆದಿತ್ತಾ? ಕಾಕಸ್ ಒಳಗೆ ಕೂತು ನೋಡಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ. ಪುಸ್ತಕದ ಭಾಷೆ ಓದಿ ಓದಿ ಸಾಕಾಗಿದೆ.

ಸಾಗರದ ಭಟ್ಟ, ಅಯೋವಾ:

ಮೋಸ ಎಂಥದೂ ಇಲ್ಲ ತಮ್ಮಾ. ಎಲ್ಲ ದೀಪ ಹಾಕಿಕೊಂಡೇ ನಡೆಯಿತು, ನೋಡಬೇಕಾದವರು ಮನೆಗೆ ಹೋಗಿಬಿಟ್ಟಿದ್ದರು.

ನಾನಿರುವುದು ಡಿ ಮೊಯ್ನ್ ಪಕ್ಕದ ಊರಲ್ಲಿ, ಇನ್ಶೂರೆನ್ಸ್ ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸ. ಪೌರತ್ವ ಸಿಕ್ಕ ಮೇಲೆ ಹೋದ ಮೊದಲ ಕಾಕಸ್ ಅದು. ನಾನು ಪಾಲ್ ಎದುರಾಳಿ ರಾಮ್ನಿ ಕಡೆಯವ, ಪಾಲ್ ಭಕ್ತರ ಮೇಲೆ ಮೋಹ ಇಟ್ಟುಕೊಂಡು ಬರೀತಿಲ್ಲ ಅಂತ ತಿಳ್ಕೊಳ್ಳಿ.

ಆ ರಾತ್ರಿ ಟಿವಿಯಲ್ಲಿ ಓಡಿದ ಶೇಕಡಾವಾರು ಲೆಕ್ಕಕ್ಕೂ ಟ್ಯಾಂಪಾಕ್ಕೆ ಯಾರು ಹೋಗುತ್ತಾರೆ ಅನ್ನೋದಕ್ಕೂ ಆಗ ಸಂಬಂಧವೇ ಇರಲಿಲ್ಲ. ಚೀಟಿ ಹಾಕುವುದು ಬರೀ ಅಭಿಪ್ರಾಯ ಸಂಗ್ರಹ. ಪ್ರತಿನಿಧಿಗಳ ಆಯ್ಕೆಗೆ ಬೇರೆಯೇ ಮೆಟ್ಟಿಲು: ಬೂತ್ ಮಟ್ಟದ ಕಾಕಸ್, ಅಲ್ಲಿಂದ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಸಮಾವೇಶ, ಆಮೇಲೆ ಸಂಸತ್ ಕ್ಷೇತ್ರದ್ದು, ಕೊನೆಗೆ ರಾಜ್ಯದ್ದು. ಪ್ರತಿ ಮೆಟ್ಟಿಲಲ್ಲೂ ಅವತ್ತು ಕೋಣೆಯಲ್ಲಿ ಕೂತವರೇ ಮುಂದಿನ ಮೆಟ್ಟಿಲಿಗೆ ಜನರನ್ನು ಆರಿಸಿ ಕಳಿಸ್ತಾರೆ.

ನಮ್ಮ ಬೂತಿನದು ಶಾಲೆಯ ಊಟದ ಹಾಲ್‌ನಲ್ಲಿ. ಏಳು ಗಂಟೆಗೆ ಶುರು. ಧ್ವಜಕ್ಕೆ ವಂದನೆ, ಒಬ್ಬೊಬ್ಬ ಅಭ್ಯರ್ಥಿಯ ಪರ ಪುಟ್ಟ ಭಾಷಣ, ಖಾಲಿ ಕಾಗದದ ಚೂರಿನ ಮೇಲೆ ಹೆಸರು ಬರೆದು ಡಬ್ಬಿಗೆ ಹಾಕುವುದು. ಎಣಿಕೆ ಓದಿದ್ದೇ ತಡ, ಕುರ್ಚಿ ಎಳೆದ ಸದ್ದು. ಅಯೋವಾದ ಜನವರಿ ರಾತ್ರಿ ಅಂದರೆ ಕಾರಿನ ಗಾಜು ಕೆರೆದುಕೊಂಡು ಹೊರಡಬೇಕು, ಮಕ್ಕಳಿಗೆ ಬೆಳಿಗ್ಗೆ ಶಾಲೆ. ಹಾಲ್ ಮುಕ್ಕಾಲು ಖಾಲಿ. ಉಳಿದದ್ದು ವರ್ಷಾನುಗಟ್ಟಲೆ ಪಕ್ಷದ ಲೆಕ್ಕಪತ್ರ ಬರೆಯುತ್ತಿದ್ದ ಒಬ್ಬ ಅಜ್ಜಿ, ಅವರ ಸ್ನೇಹಿತೆಯರು, ನನ್ನಂಥ ಕುತೂಹಲದ ಪ್ರಾಣಿಗಳು, ಮತ್ತೆ ಪಾಲ್ ಹುಡುಗರು. ನನ್ನ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗನ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆ. ಬಿಡಿಸಿದಾಗ ಓರೆಗಣ್ಣಲ್ಲಿ ನೋಡಿದೆ. ವೋಟು ಹಾಕಿದ ಮೇಲೆ ಹೊರಡಕೂಡದು ಅನ್ನೋದೇ ಮೊದಲ ಸಾಲು. ಯಾವ ಹೊತ್ತಿಗೆ ಏನು ಕೇಳುತ್ತಾರೆ, ಯಾವಾಗ ಕೈ ಎತ್ತಬೇಕು, ಎಲ್ಲ ಅದರಲ್ಲಿತ್ತು.

ಅಧ್ಯಕ್ಷರು, ಕೌಂಟಿ ಸಮಾವೇಶಕ್ಕೆ ಯಾರು ಹೋಗ್ತೀರಿ ಅಂತ ಕೇಳಿದರು. ಇಡೀ ಶನಿವಾರ ಹಾಳು ಮಾಡಿಕೊಳ್ಳಲು ಯಾರಿಗೆ ಬೇಕು? ಹುಡುಗರ ಕೈ ಮೇಲೆ ಹೋಯಿತು. ಹೆಸರು ಬರಕೊಂಡರು, ಮುಗೀತು. ನೀನು ಯಾರ ಕಡೆ ಅಂತ ಒಬ್ಬರೂ ಕೇಳಲಿಲ್ಲ, ಕೇಳುವ ನಿಯಮವೂ ಇರಲಿಲ್ಲ.

ಪತ್ರಿಕೆಗಳ ಗಮನವೆಲ್ಲ ಬೇರೆ ಕಡೆ. ಮೊದಲು ರಾಮ್ನಿ 8 ಮತಗಳಿಂದ ಗೆದ್ದರು ಅಂದರು. ಎರಡು ವಾರ ಬಿಟ್ಟು, ಇಲ್ಲ, ಇನ್ನೊಬ್ಬ ಸ್ಪರ್ಧಿ ಸ್ಯಾಂಟೋರಮ್ 34 ಮತ ಮುಂದೆ, ಆದರೆ 8 ಬೂತುಗಳ ಕಾಗದ ಸಿಗುತ್ತಿಲ್ಲ ಅಂದರು! ಆ ಗಲಾಟೆಯಲ್ಲಿ ರಾಜ್ಯ ಪಕ್ಷದ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಫೆಬ್ರವರಿಯಲ್ಲಿ ಆ ಕುರ್ಚಿಗೆ ಬಂದವರು ಎ.ಜೆ. ಸ್ಪೈಕರ್, ಅಯೋವಾದಲ್ಲಿ ಪಾಲ್ ಪ್ರಚಾರದ ಮುಂಚೂಣಿಯಲ್ಲಿದ್ದವರು. ಮಾರ್ಚ್‌ನ ಕೌಂಟಿ ಸಮಾವೇಶಕ್ಕೆ ನಾನೂ ಹೋಗಿದ್ದೆ. ಪಕ್ಷದ ಧೋರಣಾ ಪತ್ರದ ಒಂದೊಂದು ಸಾಲಿಗೂ ತಿದ್ದುಪಡಿ, ತಿದ್ದುಪಡಿಗೆ ಮತ್ತೊಂದು ತಿದ್ದುಪಡಿ. ಮಧ್ಯಾಹ್ನದ ಮೇಲೆ ನಮ್ಮ ಕಡೆಯವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಪಾಲ್ ಹುಡುಗರು ಊಟದ ಡಬ್ಬಿ ತಂದಿದ್ದರು ಮಾರಾಯ್ರೆ. ಸಭಾ ನಿಯಮ ಬಾಯಿಪಾಠ, ದನಿ ಏರಿಸುವುದೂ ಇಲ್ಲ. ಜೂನ್‌ನ ರಾಜ್ಯ ಸಮಾವೇಶದ ಹೊತ್ತಿಗೆ ಲೆಕ್ಕ ಚುಕ್ತಾ ಆಗಿತ್ತು.

ಇದು ಅಯೋವಾ ಒಂದರ ಕಥೆಯಲ್ಲ. ಮಿನ್ನೆಸೋಟ, ಮೇಯ್ನ್, ನೆವಾಡಾದಲ್ಲೂ ಇದೇ ಆಟ. ಆದರೆ ಅಭ್ಯರ್ಥಿಯಾದವರು ಯಾರು? ರಾಮ್ನಿಯೇ. ಟ್ಯಾಂಪಾದಲ್ಲಿ ಅವರಿಗೆ 2,061, ಪಾಲ್‌ಗೆ 190. ಭಕ್ತರು ಕೋಣೆಗಳನ್ನು ಗೆಲ್ಲಬಲ್ಲರು, ದೊಡ್ಡ ರಾಜ್ಯಗಳ ಪ್ರೈಮರಿಯಲ್ಲಿ, ಅಂದರೆ ಸಭೆಯಿಲ್ಲದೆ ಲಕ್ಷಗಟ್ಟಲೆ ಜನ ಚೀಟಿ ಹಾಕಿ ಮನೆಗೆ ಹೋಗುವ ಕಡೆ, ಅವರ ಪಟ್ಟು ನಡೆಯುವುದಿಲ್ಲ. ನಿಮ್ಮ ಸೆಮಿನಾರಿಗೆ ನಿಜವಾದ ಸರಕು ಇರುವುದು ಪಕ್ಷ ಇದಕ್ಕೆ ಏನು ಮಾಡಿತು ಅನ್ನೋದರಲ್ಲಿ. ಅವರು ಹೆದರಿ ನಿಯಮ ತಿದ್ದಿದರು. ಸಮಾವೇಶದಲ್ಲಿ ಹೆಸರು ಮಂಡಿಸಲು ಮೊದಲು 5 ರಾಜ್ಯಗಳ ಪ್ರತಿನಿಧಿಗಳಲ್ಲಿ ಉಳಿದವರಿಗಿಂತ ಹೆಚ್ಚು ಬೆಂಬಲ ಇದ್ದರೆ ಸಾಕಿತ್ತು. ಅದನ್ನು 8 ರಾಜ್ಯ, ಅದೂ ಪೂರ್ಣ ಬಹುಮತ ಅಂತ ಮಾಡಿದರು. ಮೇಯ್ನ್‌ನ ಪಾಲ್ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಜನರನ್ನು ಎಬ್ಬಿಸಿ ಬೇರೆಯವರನ್ನು ಕೂರಿಸಿದರು, ಉಳಿದವರು ಸಿಟ್ಟಾಗಿ ಎದ್ದು ಹೊರನಡೆದರು. ನಿಯಮಗಳನ್ನು ಧ್ವನಿಮತಕ್ಕೆ ಹಾಕಿದಾಗ ಎರಡೂ ಕಡೆ ಒಂದೇ ಸಮ ಕೂಗು. ಸಭಾಧ್ಯಕ್ಷ ಜಾನ್ ಬೇನರ್ ಪಾಸಾಯಿತು ಅಂದುಬಿಟ್ಟರು. ಮತ ಕರೆಯುವಾಗ ಪಾಲ್‌ಗೆ ಬಿದ್ದ ಸಂಖ್ಯೆಯನ್ನು ವೇದಿಕೆಯಿಂದ ಓದಲೂ ಇಲ್ಲ. ಗೆದ್ದ ಮೇಲೂ ಅಷ್ಟು ಸಣ್ಣತನ ಯಾಕೆ ಬೇಕಿತ್ತು? ರಾಮ್ನಿಗೆ ವೋಟು ಹಾಕಿದ ನನಗೇ ಹಿಂಸೆಯಾಯಿತು.

ವೇಗಸ್ ವನಜ:

ಭಟ್ಟರೇ, ನೆವಾಡಾದ್ದು ನಾನು ಹೇಳ್ತೀನಿ. ನಾನು ಡೆಮಾಕ್ರಾಟ್, 2016ರಲ್ಲಿ ಹಿಲರಿ ಕ್ಲಿಂಟನ್ ವಿರುದ್ಧ ಟಿಕೆಟ್ ಕೇಳಿದ ಬರ್ನಿ ಸ್ಯಾಂಡರ್ಸ್ ಪರ ಮನೆಮನೆ ಬಾಗಿಲು ತಟ್ಟಿದವಳು. ಫೆಬ್ರವರಿ ಕಾಕಸ್‌ನಲ್ಲಿ ಹಿಲರಿ ಸುಮಾರು 53-47ರಲ್ಲಿ ಗೆದ್ದರು. ಏಪ್ರಿಲ್‌ನ ಕ್ಲಾರ್ಕ್ ಕೌಂಟಿ ಸಮಾವೇಶಕ್ಕೆ ಅವರ ಕಡೆಯವರು ಎಷ್ಟೋ ಜನ ಬರಲೇ ಇಲ್ಲ, ನಾವು ಬಂದ್ವಿ, ಲೆಕ್ಕ ತಿರುಗಿತು. ನೀವು ಹೇಳಿದ ಡಬ್ಬಿ ಕಥೆಯೇ.

ಮೇ 14ಕ್ಕೆ ಪ್ಯಾರಿಸ್ ಹೋಟೆಲಿನಲ್ಲಿ ರಾಜ್ಯ ಸಮಾವೇಶ. ಅಲ್ಲಿ ಹಿಲರಿ ಕಡೆ 1,695, ನಮ್ಮ ಕಡೆ 1,662. ಅಂತರ 33. ನಮ್ಮವರು 58 ಜನರನ್ನು ದಾಖಲೆ ಸರಿಯಿಲ್ಲ ಅಂತ ಒಳಗೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಸಾಲಿನಲ್ಲಿ ಇನ್ನೂ ಜನ ನಿಂತಿರುವಾಗಲೇ ನಿಯಮ ಧ್ವನಿಮತದಲ್ಲಿ ಪಾಸು. ಆಮೇಲೆ ರಾತ್ರಿವರೆಗೂ ಕೂಗಾಟ, ಕೊನೆಗೆ ಹೋಟೆಲಿನವರೇ ಸಾಕು ಹೊರಡಿ ಅಂದರು. ನಂತರದ ದಿನಗಳಲ್ಲಿ ಸಭಾಧ್ಯಕ್ಷೆಗೆ ಕೆಲವರು ಫೋನಿನಲ್ಲಿ ಬೆದರಿಕೆ ಹಾಕಿದ್ದು ನನಗೆ ಇವತ್ತಿಗೂ ಅಸಹ್ಯ. ನಮ್ಮ ವಾದವೆಲ್ಲ ಅದರಡಿ ಮುಚ್ಚಿಹೋಯ್ತು. ಪಾಲ್ ಹುಡುಗರ ಶಿಸ್ತು ನಮ್ಮಲ್ಲಿ ಇರಲಿಲ್ಲ, ಒಪ್ಕೋತೀನಿ.

ಆದರೆ ಒಂದು ಫಲ ಸಿಕ್ಕಿತು. ಪಕ್ಷದ ದೊಡ್ಡವರು, ಅಂದರೆ ಸೂಪರ್ ಡೆಲಿಗೇಟ್‌ಗಳು, ಮೊದಲ ಸುತ್ತಿನಲ್ಲೇ ತಮಗೆ ಬೇಕಾದವರಿಗೆ ವೋಟು ಹಾಕುವ ಹಕ್ಕಿಗೆ 2018ರ ಆಗಸ್ಟ್‌ನಲ್ಲಿ ಕತ್ತರಿ ಬಿತ್ತು. ಪೈಪೋಟಿ ಇದ್ದರೆ ಈಗ ಅವರು ಎರಡನೇ ಸುತ್ತಿಗೆ ಕಾಯಬೇಕು. ಸೋತವರ ಗಲಾಟೆಯಿಂದ ಆದ ಬದಲಾವಣೆ ಅದು.

ಹುಬ್ಬಳ್ಳಿ ಮಂದಿ:

ಇದೇನ್ರಿ ಇದು, ಶೇ 21 ವೋಟು ತಗೊಂಡವಂಗ 22 ಮಂದಿ? ಮನಿಗೆ ಹೋಗಿ ಮಕ್ಕೊಂಡವ್ರ ವೋಟಿಗೆ ಬೆಲೆ ಇಲ್ಲೇನು? ನಮ್ಮಲ್ಲೆ ಬಿ ಫಾರಂ ದಿಲ್ಲಿಯಿಂದ ಬರ್ತದ, ಕಾರ್ಯಕರ್ತ ಟೈರ್ ಸುಟ್ಟು ಗದ್ದಲ ಹಾಕ್ತಾನ, ಮರುದಿನ ಅದೇ ಅಭ್ಯರ್ಥಿ ಪರ ಪ್ರಚಾರಕ್ಕ ಹೊಕ್ಕಾನ. ಅದರ ಮುಂದ ಇದೂ ಏನ್ ಭಾಳ ಚೊಲೋ ಕಾಣವಲ್ದು.

ಸಾಗರದ ಭಟ್ಟ, ಅಯೋವಾ:

ಹುಬ್ಬಳ್ಳಿಯವರೇ, ನಿಮ್ಮ ಸಿಟ್ಟು ನ್ಯಾಯವೇ. ಅದೇ ಕಾರಣಕ್ಕೆ 2016ರಿಂದ ಚೀಟಿ ವೋಟಿನ ಫಲಿತಾಂಶಕ್ಕೆ ಪ್ರತಿನಿಧಿಗಳನ್ನು ಕಟ್ಟಿಹಾಕಬೇಕು ಅಂತ ರಿಪಬ್ಲಿಕನ್ನರು ನಿಯಮ ತಂದರು. ಆ ಸಲ ಅಯೋವಾದ 30ರಲ್ಲಿ ಪಾಲ್ ಅವರ ಮಗ ರ‍್ಯಾಂಡ್‌ಗೆ ಸಿಕ್ಕಿದ್ದು 1. ಕೈ ಎತ್ತುವ ಹುಡುಗರ ಆಟ ಅಲ್ಲಿಗೆ ಮುಗೀತು.

ಆದರೆ ಮುಂದೆ ಏನಾಯಿತು ನೋಡಿ. ಅದೇ ವರ್ಷ ಟ್ರಂಪ್ ಬಂದರು, ಪಕ್ಷದ ಹಿರಿಯರಿಗೆ ಪಾಲ್‌ಗಿಂತ ದೊಡ್ಡ ತಲೆನೋವು. ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ ಸಮಾವೇಶದಲ್ಲಿ ಅವರ ವಿರೋಧಿಗಳು ನಮ್ಮನ್ನು ಬಿಡಿ, ಆತ್ಮಸಾಕ್ಷಿಯಂತೆ ವೋಟು ಹಾಕ್ತೇವೆ ಅಂತ ಅಂಗಲಾಚಿದರು. ಕಟ್ಟಿದ ಹಗ್ಗ ಬಿಚ್ಚಲಿಲ್ಲ. ನಿಯಮದ ಮೇಲೆ ತಲೆ ಎಣಿಸಿ ಮತ ಹಾಕಿಸಿ ಅಂತ 7 ರಾಜ್ಯಗಳ ಬಹುಮತದ ಸಹಿ ಬೇಕಿತ್ತು. ಕೆಲವರು ಸಹಿ ವಾಪಸ್ ತಗೊಂಡರು, ಸಂಖ್ಯೆ ಸಾಲಲಿಲ್ಲ ಅಂದರು. ಮತ್ತದೇ ಧ್ವನಿಮತ. ಹೊರಗಿನವನೊಬ್ಬನನ್ನು ತಡೆಯಲು ಹಾಕಿದ ಬೇಲಿ ಇನ್ನೊಬ್ಬ ಹೊರಗಿನವನನ್ನು ಕಾಪಾಡಿತು. ತಮ್ಮಾ, ನಿಮ್ಮ ಪೇಪರಿನ ನಡುಭಾಗಕ್ಕೆ ಇದನ್ನು ಹಾಕಿ, 22ರ ಲೆಕ್ಕ ಪೀಠಿಕೆಗೆ ಸಾಕು.

ಕೋಲಾರದ ಹುಡುಗ:

ತುಂಬಾ ಥ್ಯಾಂಕ್ಸ್ ಸರ್, ಮೇಡಂ. ಒಂದೇ ಒಂದು ಸಂದೇಹ. ಕಾಕಸ್ ತೆಗೆದು ಎಲ್ಲ ಕಡೆ ಪ್ರೈಮರಿ ಮಾಡಿದರೆ ಇಂಥ ಬೆಂಬಲಿಗರ ಕೈ ಕಟ್ಟಿದಂತೆ ಆಗಲ್ವಾ?

ವೇಗಸ್ ವನಜ:

ಆಗುತ್ತೆ ಅಂತಲೇ ಇಲ್ಲಿ ನೆವಾಡಾದಲ್ಲಿ 2021ರಲ್ಲಿ ಕಾನೂನು ತಂದು ಕಾಕಸ್ ಬದಲು ಪ್ರೈಮರಿ ಮಾಡಿದರು. ಆದರೆ 2024ರ ಹೊತ್ತಿಗೆ ಟ್ರಂಪ್ ಬೆಂಬಲಿಗರು ಹೊರಗೆ ನಿಂತು ಕೂಗುವವರಾಗಿ ಉಳಿದಿರಲಿಲ್ಲ, ರಾಜ್ಯದ ರಿಪಬ್ಲಿಕನ್ ಪಕ್ಷವೇ ಅವರ ಕೈಯಲ್ಲಿತ್ತು. ಸರ್ಕಾರದ ಪ್ರೈಮರಿ ಫೆಬ್ರವರಿ 6ಕ್ಕೆ. ಪಕ್ಷದವರು 8ಕ್ಕೆ ತಮ್ಮದೇ ಕಾಕಸ್ ಇಟ್ಟರು, ಪ್ರೈಮರಿಗೆ ನಿಂತವರಿಗೆ ಅದರಲ್ಲಿ ಜಾಗ ಇಲ್ಲ ಅಂದರು, ಪ್ರತಿನಿಧಿಗಳು ಸಿಗುವುದು ಕಾಕಸ್‌ನಿಂದ ಮಾತ್ರ ಅಂದರು. ಟ್ರಂಪ್ ಎದುರು ಟಿಕೆಟ್‌ಗೆ ನಿಂತಿದ್ದ ನಿಕ್ಕಿ ಹೇಲಿ ಪ್ರೈಮರಿ ಆರಿಸಿಕೊಂಡರು. ಅಲ್ಲಿ ಟ್ರಂಪ್ ಹೆಸರೇ ಇರಲಿಲ್ಲ. ನಮ್ಮ ರಾಜ್ಯದ ಮತಪತ್ರದಲ್ಲಿ ‘ಇವರಲ್ಲಿ ಯಾರೂ ಅಲ್ಲ’ ಅಂತ ಒಂದು ಸಾಲು ಇರುತ್ತೆ, ನಿಮ್ಮ ನೋಟಾ ಇದ್ದ ಹಾಗೆ. ಟ್ರಂಪ್ ಕಡೆಯವರು ಬಂದು ಅದಕ್ಕೇ ಒತ್ತಿದರು. ‘ಯಾರೂ ಅಲ್ಲ’ಕ್ಕೆ ಸುಮಾರು ಶೇ 63, ಹೇಲಿಗೆ ಅದರ ಅರ್ಧದಷ್ಟೂ ಇಲ್ಲ. ಎರಡು ದಿನ ಬಿಟ್ಟು ಕಾಕಸ್‌ನಲ್ಲಿ 26 ಪ್ರತಿನಿಧಿಗಳೂ ಟ್ರಂಪ್‌ಗೆ. ನಮ್ಮ ಬೀದಿಯ ರಿಪಬ್ಲಿಕನ್ ಮುದುಕ ಎರಡಕ್ಕೂ ಹೋಗಿ ಬಂದಿದ್ದ, ಅಂಚೆಡಬ್ಬಿ ಹತ್ರ ನಿಂತು ಬಲು ಖುಷಿಯಿಂದ ವಿವರಿಸಿದ.