ಐಸ್‌ಬರ್ಗ್ ಗುಲಾಬಿ ಮೊಗ್ಗು ಅರಳೋಕೆ ಮೊದಲೇ ಕಂದಾಗ್ತಿದೆ

ತಾರಸಿತೋಟ:
ಬೆಂಗಳೂರು, ಯಲಹಂಕ ಕಡೆ. 8 ಇಂಚಿನ ಕುಂಡದಲ್ಲಿ ಬಿಳಿ ಐಸ್‌ಬರ್ಗ್. ಗೊಂಚಲು ಗೊಂಚಲು ಮೊಗ್ಗು ಬರುತ್ತೆ, ಅಂಚು ಸುಟ್ಟಂಗಾಗಿ ಅರ್ಧಕ್ಕೇ ನಿಲ್ಲುತ್ತೆ. ಪಕ್ಕದ ಕೆಂಪು ಬಟನ್ ರೋಸ್‌ಗೆ ಏನೂ ಆಗಿಲ್ಲ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಹಾಕೋದು ಬೋರ್ ನೀರು. ಗೊಬ್ಬರ ಸಾಲ್ತಿಲ್ವಾ?

ಕೆಮ್ಮಣ್ಣು:
ಸದ್ಯ ಗೊಬ್ಬರ ಬೇಡ. ಇಲ್ಲಿರೋದು ಎರಡು ಬೇರೆ ಬೇರೆ ತೊಂದರೆ.

ಒಂದು ಮೊಗ್ಗನ್ನ ಬಿಳಿ ಹಾಳೆ ಮೇಲೆ ಬಿಡಿಸಿ ಕೊಡವಿ. ದಾರದ ತುಣುಕಿನಂಥ ಹುಳ ಓಡಾಡಿದರೆ ಥ್ರಿಪ್ಸ್, ಅಂದ್ರೆ ರಸ ಹೀರೋ ಪುಟ್ಟ ಕೀಟ. ಬೂದು ಬೂಷ್ಟು ಕಂಡರೆ ಶಿಲೀಂಧ್ರ, ಅದಕ್ಕೆ ಔಷಧಿನೇ ಬೇರೆ. ಎಲೆಯದು ಕಬ್ಬಿಣದ ಕೊರತೆ ಅನ್ಸುತ್ತೆ. ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆಯಾ?

ತಾರಸಿತೋಟ:
ಹುಳ ಇದೆ ಸರ್, ಹಳದಿ ಬಣ್ಣದವು. ಬಿಳಿ ಪುಡಿನೂ ಇದೆ.

ಕೆಮ್ಮಣ್ಣು:
ಹಾಗಾದ್ರೆ ಕೆಟ್ಟ ಮೊಗ್ಗೆಲ್ಲ ಕತ್ತರಿಸಿ ಕವರ್‌ಗೆ ತುಂಬಿ ಬಾಯಿ ಕಟ್ಟಿ ಬಿಸಾಕಿ. ಕಾಂಪೋಸ್ಟ್ ಡಬ್ಬಕ್ಕೆ ಹಾಕ್ಬೇಡಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು ದ್ರಾವಣ, ಬಿಸಿಲು ಇಳಿದ ಮೇಲೆ ವಾರಕ್ಕೊಂದು ಸಲ. ಅರಳಿದ ಹೂವಿಗೆ ಬೀಳದಂಗೆ ನೋಡ್ಕೊಳ್ಳಿ, ಬಿಳಿ ದಳದ ಮೇಲೆ ಕಲೆ ಉಳಿಯುತ್ತೆ. ಕೆಂಪು ಗಿಡಕ್ಕೂ ಹೊಡೀರಿ. ಅದರಲ್ಲೂ ಹುಳ ಇರಬಹುದು, ಬಣ್ಣದಲ್ಲಿ ಕಾಣೋದಿಲ್ಲ ಅಷ್ಟೆ.

ಇನ್ನು ಎಲೆ ವಿಷಯ. ಆ ಬಿಳಿ ಪುಡಿ ಬೋರ್ ನೀರಿನ ಸುಣ್ಣ ಇರಬೇಕು, ಅದರಿಂದ ಮಣ್ಣು ಕ್ಷಾರ ಆಗಿರುತ್ತೆ. ಕಬ್ಬಿಣ ಮಣ್ಣಲ್ಲೇ ಇದ್ರೂ ಬೇರಿಗೆ ಸಿಗಲ್ಲ. ಅಂಗಡಿಯಲ್ಲಿ ಇಡಿಡಿಎಚ್‌ಎ ಅಂತ ಬರೆದಿರೋ ಚೀಲೇಟೆಡ್ ಕಬ್ಬಿಣ (ಬೇರಿಗೆ ಸಿಗೋ ರೂಪದ ಕಬ್ಬಿಣ) ಕೇಳಿ. ಇಡಿಟಿಎ ಅನ್ನೋ ಇನ್ನೊಂದು ಬಗೆ ಅಗ್ಗ, ಆದ್ರೆ ಕ್ಷಾರ ಮಣ್ಣಲ್ಲಿ ಬೇಗ ನಿಷ್ಪ್ರಯೋಜಕ ಆಗುತ್ತೆ. ಗುಣ ಆಯ್ತಾ ಅಂತ ಹಳದಿಯಾದ ಎಲೆ ನೋಡ್ಬೇಡಿ, ಮುಂದೆ ಬರೋ ಚಿಗುರನ್ನ ನೋಡಿ ಲೆಕ್ಕ ಹಾಕಿ. ಮಳೆನೀರು ಹಿಡಿಯೋಕಾದ್ರೆ ಅದನ್ನೇ ಹಾಕಿ.

ಅಂಗಳದಹೂ:
ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಐಸ್‌ಬರ್ಗ್ ದಳದ ಮೇಲೆ ಚಳಿಗಾಲದಲ್ಲಿ ಗುಲಾಬಿ ಛಾಯೆ ಬರುತ್ತಲ್ಲ, ಅದೂ ರೋಗಾನಾ?

ಕೆಮ್ಮಣ್ಣು:
ಇಲ್ಲ ಮೇಡಂ, ತಂಪಿಗೆ ಆ ತಳಿ ಸ್ವಲ್ಪ ಕೆಂಪೇರುತ್ತೆ. ಚುಕ್ಕೆ ಚುಕ್ಕೆಯಾಗಿದ್ರೆ ಮಾತ್ರ ಬೂಷ್ಟು ರೋಗದ ಅನುಮಾನ. ಸಂಜೆ ಹೊತ್ತು ಹೂ ನೆನೆಯೋ ಹಾಗೆ ನೀರು ಹಾಕ್ಬೇಡಿ.

ತಾರಸಿತೋಟ:
ಎರಡು ಗಿಡ ಗೇಟ್ ಪಕ್ಕದ ಪಾತಿಗೆ ಇಳಿಸಬಹುದಾ?

ಕೆಮ್ಮಣ್ಣು:
ಆರು ಗಂಟೆ ಬಿಸಿಲು ಬೀಳೋದಾದ್ರೆ ಇಳಿಸಿ, ನಡುವೆ ಎರಡೂವರೆ ಅಡಿ ಬಿಡಿ. ಕುಂಡದಲ್ಲೇ ಉಳಿಯೋದಕ್ಕೆ 8 ಇಂಚು ಸಾಲದು, 12ಕ್ಕೆ ಬದಲಾಯಿಸಿ. ಆದ್ರೆ ಮೊದಲು ಥ್ರಿಪ್ಸ್ ಹೋಗ್ಲಿ.